ಒಂದನೇ ನಂಬರಿನ ಎಲೆ

ಹೊಳೆನರಸೀಪುರ
೧೨-೪-೨೦೨೫, ಶನಿವಾರ

ಚಿರಂಜೀವಿ ನಂಜುಂಡೇಶನಿಗೆ ನಿನ್ನ ಅಜ್ಜಿ ಅಣ್ಣಮ್ಮನ ಆಶೀರ್ವಾದ. ಮೊದಲ ಪದ ಬರೆಯಲು ಪೆನ್ನಿನ ಮುಚ್ಚಳ ಮೂರು ಸಲ ತೆಗೆದು ಹಾಕಿದೆ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳ ಕೈ ಹಿಡಿದು ಬರೆಸಿದವಳು ನಾನು. ಯಾರ ಹೆಸರಿನ ಹಿಂದೆಯೂ ಚಿರಂಜೀವಿ ಎಂದು ಬರೆಯಲು ಇಷ್ಟು ಹೆದರಿದ್ದಿಲ್ಲ.

ಹೇಗಿದ್ದೀಯ ಮಗಾ? ಊಟ ಸೇರುತ್ತಿದೆಯೇ? ಐಸ್ ಫ್ಯಾಕ್ಟರಿಯ ಕೆಲಸ ಅಂದರೆ ದಿನವೆಲ್ಲ ತಣ್ಣಗಿನ ನೀರಿನಲ್ಲಿ ಕಾಲು. ರಾತ್ರಿ ಮಲಗುವಾಗ ಅಂಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊ. ಕಾರವಾರದಲ್ಲಿ ತೆಂಗಿಗೇನು ಬರ. ನನ್ನ ಆರೋಗ್ಯ ಹೀಗೇ ಇದೆ, ಮಂಡಿ ಒಂದು ಮಾತು ಕೇಳುವುದಿಲ್ಲ, ಥೇಟ್ ನಿನ್ನ ಹಾಗೆ. ನಿನ್ನ ತಂಗಿ ಯಮುನಾ ಚೆನ್ನಾಗಿದ್ದಾಳೆ. ಇವತ್ತು ಹಾಸನದಲ್ಲಿ ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಸನ್ಮಾನ. ಅವಳೂ ಹುಡುಗರ ಜೊತೆ ಬೆಳಿಗ್ಗೆಯೇ ಟೆಂಪೋ ಹತ್ತಿ ಹೋದಳು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಅದಕ್ಕೇ ಧೈರ್ಯವಾಗಿ ಕೂತು ಬರೆಯುತ್ತಿದ್ದೇನೆ.

ಹೌದಪ್ಪ, ನಾವು ಗೆದ್ದೆವು. ಎಂಟು ವರ್ಷದಿಂದ ಬಿ ಡಿವಿಷನ್ನಿನಲ್ಲೇ ಉರುಳಾಡುತ್ತಿದ್ದ ನಮ್ಮ ಹೇಮಾವತಿ ಕ್ಲಬ್ಬು ಈಗ ಎ ಡಿವಿಷನ್. ಹದಿನಾಲ್ಕು ಪಂದ್ಯ, ಒಂದೂ ಗೋಲು ಬಿಟ್ಟುಕೊಟ್ಟಿಲ್ಲ. ನೀನು ಸಂತೋಷಪಡುತ್ತೀಯೋ ಹೊಟ್ಟೆ ಉರಿಸಿಕೊಳ್ಳುತ್ತೀಯೋ ಗೊತ್ತಿಲ್ಲ. ಆದರೆ ಗೆದ್ದದ್ದು ಹೇಗೆ ಎಂದು ನಿನಗೆ ಹೇಳಲೇಬೇಕು, ಅದರಲ್ಲಿ ನನ್ನ ತಪ್ಪಿದೆ.

ಹೋದ ವರ್ಷ ಮೇ ತಿಂಗಳಲ್ಲಿ ಚನ್ನರಾಯಪಟ್ಟಣದವರ ಮೇಲೆ ಕೊನೇ ನಿಮಿಷದಲ್ಲಿ ಚೆಂಡು ಗೋಲು ಕಾಯುತ್ತಿದ್ದ ನಿನ್ನ ಕಾಲ ಸಂದಿಯಲ್ಲಿ ಹೋಯಿತು. ಊರಿನವರು ಆಡಬಾರದ್ದನ್ನೆಲ್ಲ ಆಡಿದರು. ಅವತ್ತು ಸಂಜೆ ಹೊಳೆ ಮೆಟ್ಟಿಲ ಮೇಲೆ ನಿನ್ನ ಚಪ್ಪಲಿ ಮತ್ತು ಗ್ಲೌಸ್ ಸಿಕ್ಕಿದವು, ನೀನು ಸಿಗಲಿಲ್ಲ. ತೆಪ್ಪದವರು ಮೂರು ದಿನ ಹುಡುಕಿದರು. ನೀನು ಬರಿಗಾಲಲ್ಲಿ ಲಾರಿ ಹತ್ತಿ ಕಾರವಾರ ಸೇರಿಕೊಂಡಿದ್ದೀಯ ಎಂದು ಯಾರಿಗೆ ಹೊಳೆಯಬೇಕು? ಒಂದು ಗೋಲಿಗೆ ಹನ್ನೊಂದು ತಿಂಗಳು ಮುಖ ಮರೆಸಿಕೊಳ್ಳುವ ಪೌರುಷ ನಿಮ್ಮ ತಾತನಿಗೂ ಇರಲಿಲ್ಲ. ಬರೆದ ಕಾಗದದಲ್ಲೂ ಫೋನ್ ನಂಬರಿಲ್ಲ. ಹುಡುಗರು ಫೋನ್ ಮಾಡಿ ಬಯ್ಯುತ್ತಾರೆಂದು ಹೆದರಿಕೆ ನಿನಗೆ.

ಅಕ್ಟೋಬರಿನಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಹೆಣ ಸಿಗದವನಿಗೆ ಅವಸರ ಮಾಡಿ ಎಡೆ ಇಡಬೇಡಿ ಎಂದು ಮೂಲೆಮನೆ ಬೈರಯ್ಯನವರು ಹೇಳಿದರು. ನಾನು ಕೇಳಲಿಲ್ಲ. ಎಲ್ಲರ ಮನೆಯ ಸತ್ತವರೂ ಅವತ್ತು ಹೊಟ್ಟೆ ತುಂಬ ಉಣ್ಣುವಾಗ ನನ್ನ ಮೊಮ್ಮಗ ಹೊಳೆಯ ತಳದಲ್ಲಿ ಹಸಿದಿರುತ್ತಾನಲ್ಲ ಎಂದು ಬೆಳಿಗ್ಗೆಯೇ ಒಲೆ ಹಚ್ಚಿದೆ. ಮುದ್ದೆ, ನಾಟಿಕೋಳಿ ಸಾರು, ನಿನಗಿಷ್ಟವಾದ ಕಜ್ಜಾಯ ಎಲ್ಲ ಬಡಿಸಿ, ನಿನ್ನ ಒಂದನೇ ನಂಬರಿನ ಜೆರ್ಸಿ ಎಲೆಯ ಮುಂದೆ ಇಟ್ಟು, ನಿನ್ನ ಹೆಸರು ಹಿಡಿದು ಬಾ ಉಣ್ಣು ಎಂದು ಕರೆದೆ. ಆಮೇಲೆ ಸತ್ತವರು ಬಂದು ಉಣ್ಣಲೆಂದು ಪದ್ಧತಿಯಂತೆ ಬಾಗಿಲು ಹಾಕಿಕೊಂಡು ಎಲ್ಲರೂ ಜಗಲಿಯಲ್ಲಿ ಕೂತೆವು. ಬಾಗಿಲು ತಟ್ಟಿ ಒಳಗೆ ಹೋದಾಗ ಮುದ್ದೆಯಲ್ಲಿ ಒಂದು ತುತ್ತು ಮುರಿದಂತಿತ್ತು. ಬೆಕ್ಕು ಎಂದುಕೊಂಡೆವು.

ನವೆಂಬರಿನಲ್ಲಿ ಲೀಗ್ ಶುರುವಾಯಿತು. ಮೊದಲ ಪಂದ್ಯದ ದಿನ ಬೆಳಿಗ್ಗೆ ಕ್ಯಾಪ್ಟನ್ ಅನಿಲ್‌ಕುಮಾರ ಬಂದು, "ಅಜ್ಜಿ, ಇವತ್ತೂ ಅವ್ನಿಗೊಂದೆಲೆ ಮಡಗಿ. ಅವ್ನೂ ಒಟ್ಟೆ ತುಂಬುಸ್ಕೊಂಡು ನಮ್ ಜೊತೆ ಬರ್ಲಿ" ಎಂದ. ಪ್ರೀತಿಯಿಂದ ಕೇಳಿದ, ನಾನು ಇಟ್ಟೆ. ಆ ಪಂದ್ಯ ಗೆದ್ದರು. ಅಲ್ಲಿಂದ ಪಂದ್ಯವಿದ್ದ ಪ್ರತಿ ಭಾನುವಾರವೂ ನಮ್ಮ ಮನೆಯಲ್ಲಿ ಎಡೆ. ನಿನ್ನ ಜಾಗಕ್ಕೆ ಹಳ್ಳಿಮೈಸೂರಿನ ಸುದರ್ಶನ್ ಬಂದಿದ್ದ, ಮೊಬೈಲ್ ಅಂಗಡಿಯವನು. ನಿಜ ಹೇಳಬೇಕೆಂದರೆ ಅವನಿಗೆ ಚೆಂಡು ಹಿಡಿಯಲು ಬರುವುದಿಲ್ಲ. ಆದರೂ ಗೋಲು ಆಗುತ್ತಿರಲಿಲ್ಲ. ಅರಕಲಗೂಡಿನವರು ಖಾಲಿ ಗೋಲಿನ ಮುಂದೆ ನಿಂತು ಒದ್ದರೂ ಚೆಂಡು ಗೆರೆಯ ಮೇಲೆ ನಿಂತುಬಿಟ್ಟಿತು. ಜನವರಿಯಲ್ಲಿ ಸುದರ್ಶನ್ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ. "ಅಜ್ಜಿ, ನಾನ್ ಮುಂದ್ಗಡೆ ನಿಂತಿದ್ರೆ ಇಂದ್ಗಡೆ ಯಾರೋ ಉಸ್ರು ಬುಟ್ಟಂಗಾಯ್ತದೆ. ಒದ್ದೆ ಬಟ್ಟೆ ವಾಸ್ನೆ ಬತ್ತದೆ. ನಂಜುಂಡೇಶಣ್ಣ ಅಲ್ವಾ ಅಂತ ಸುಮ್ಕಿವ್ನಿ." ನಾನು ಅತ್ತೆ. ಸಂತೋಷಕ್ಕೇ ಅತ್ತೆ ಮಗಾ, ಸುಳ್ಳು ಯಾಕೆ ಹೇಳಲಿ. ಸತ್ತರೂ ನನ್ನ ಕೈಯಡುಗೆಗೆ ಬರುತ್ತಾನೆ ಎಂದು ಹೆಮ್ಮೆಪಟ್ಟೆ.

ಈ ತಿಂಗಳು ಎರಡನೇ ತಾರೀಖು ನಿನ್ನ ಕಾಗದ ಬಂತು. ಬದುಕಿದ್ದೀಯ ಎಂದು ಓದಿ, ಮತ್ತೆ ಮೊದಲಿಂದ ಓದಿದೆ. ಸಂತೋಷ ಅರ್ಧ ಗಂಟೆಯೂ ಇರಲಿಲ್ಲ. ಕೊನೆಯಲ್ಲಿ ಬರೆದಿದ್ದೆಯಲ್ಲ, ನವೆಂಬರಿನಿಂದ ಭಾನುವಾರ ಬಂದರೆ ಎಷ್ಟು ತಿಂದರೂ ಹೊಟ್ಟೆ ಖಾಲಿ, ಅನ್ನ ಮಣ್ಣಿನ ಹಾಗೆ, ಜೊತೆಯವರಿಗೆ ನಾನು ಪಕ್ಕದಲ್ಲಿ ಕೂತಿದ್ದರೂ ಕಾಣುವುದಿಲ್ಲ, ಎರಡು ಸಲ ಹಾಜರಿಯಲ್ಲಿ ನನ್ನ ಹೆಸರೇ ಬಿಟ್ಟುಬಿಟ್ಟರು ಎಂದು. ಎಲ್ಲ ಭಾನುವಾರ ಅಲ್ಲ, ಕೆಲವು ಭಾನುವಾರ ಮಾತ್ರ ಎಂದೂ ಬರೆದಿದ್ದೆ. ನಾನು ಕ್ಯಾಲೆಂಡರ್ ಇಳಿಸಿ ನೋಡಿದೆ. ನೀನು ಬರೆದ ಒಂದೊಂದು ತಾರೀಖಿಗೂ ಯಮುನಾ ಪೆನ್ನಿನಲ್ಲಿ ಸುತ್ತು ಹಾಕಿ 'ಮ್ಯಾಚ್' ಎಂದು ಬರೆದಿದ್ದಳು.

ಯಾರದೋ ಮನೆಯ ಸುದ್ದಿ ಎನ್ನುವ ಹಾಗೆ ಬೈರಯ್ಯನವರನ್ನು ಕೇಳಿದೆ, ಬದುಕಿರುವವನಿಗೆ ತಿಳಿಯದೆ ಎಡೆ ಇಟ್ಟರೆ ಉಣ್ಣುವುದು ಯಾರು ಅಂತ. ಅವರು ಎಲೆಅಡಿಕೆ ಉಗಿದು ಹೇಳಿದರು. "ಎಸ್ರಿಡ್ದು ಕರುದ್ಮೇಲೆ ಯಾರಾದ್ರೂ ಬಂದೇ ಬತ್ತಾರೆ ಕಣವ್ವ. ಒಳೆ ನೀರೊಳ್ಗೆ ದಿಕ್ಕಿಲ್ದೋರು ಕಮ್ಮಿ ಅವ್ರಾ? ಉಂಡುಂಡು ಅದೇ ಎಸ್ರೋರಾಗ್ಬುಡ್ತಾರೆ." ಆ ಬದುಕಿರುವವನ ಗತಿ ಏನು ಎಂದೆ. ಇಬ್ಬರಿಗೆ ಒಂದು ಹೆಸರು ಎಷ್ಟು ದಿನ ಸಾಕಾದೀತು ಎಂದರು.

ಈಗ ನನ್ನ ತಪ್ಪು ಕೇಳು. ಇಷ್ಟು ತಿಳಿದ ಮೇಲೂ ಹೋದ ಭಾನುವಾರ ಕೊನೆಯ ಪಂದ್ಯಕ್ಕೆ ನಾನು ಎಡೆ ಇಟ್ಟೆ. ಡ್ರಾ ಆದರೂ ಸಾಕು, ಎ ಡಿವಿಷನ್. ಹನ್ನೊಂದು ಜನ ಹುಡುಗರು ಬೆಳಿಗ್ಗೆ ಏಳಕ್ಕೇ ಸ್ನಾನ ಮಾಡಿ ಬಾಗಿಲಲ್ಲಿ ನಿಂತಿದ್ದರು. ಇನ್ನೊಂದೇ ಒಂದು ಸಲ ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನನ್ನು ಆಡಿಕೊಂಡ ಊರಿನ ಬಾಯಿ ಮುಚ್ಚಿಸಬೇಕೆಂಬ ಛಲವೂ ಇತ್ತು. ಚನ್ನರಾಯಪಟ್ಟಣದ ಮೈದಾನಕ್ಕೆ ನಾನೂ ಹೋಗಿದ್ದೆ. ಕೊನೆಗೆ ಅವರಿಗೊಂದು ಪೆನಾಲ್ಟಿ ಸಿಕ್ಕಿತು. ಸುದರ್ಶನ್ ಕಣ್ಣು ಮುಚ್ಚಿ ಎಡಕ್ಕೆ ಬಿದ್ದ, ಚೆಂಡು ಬಲಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಆದರೂ ಎರಡು ಅಂಗೈ ಚೆಂಡು ಹಿಡಿದ ಸದ್ದು ಧಪ್ ಎಂದು ಕೇಳಿ ಚೆಂಡು ವಾಪಸ್ ಬಂತು. ಕಂಬಕ್ಕೆ ಬಡಿಯಿತು ಎಂದರು. ಕಂಬ ಮಾರು ದೂರದಲ್ಲಿತ್ತು. ಎಲ್ಲರೂ ಕುಣಿಯುವಾಗ ನಾನು ಗೋಲಿನ ಕಡೆ ನೋಡಿದೆ. ಬಿಸಿಲಿಗೆ ಒಣಗಿ ಬಿರಿದ ನೆಲದ ಮೇಲೆ ಎರಡು ಪಾದದಷ್ಟು ಒದ್ದೆ ಇತ್ತು.

ಆದ್ದರಿಂದ ನೀನು ತಕ್ಷಣ ಹೊರಟು ಬಾ. ಇಂಥದ್ದು ಆದಾಗ ಬದುಕಿರುವವನನ್ನು ಮೊರದಲ್ಲಿ ಕೂರಿಸಿ ಹೊಸ ಹೆಸರಿಡಬೇಕಂತೆ. ಇಷ್ಟುದ್ದದವನಿಗೆ ಯಾವ ಮೊರ ತರಲಿ ಎಂದು ಯೋಚನೆಯಾಗಿದೆ. ನಗಬೇಡ. ಒಳ್ಳೆಯ ಹೆಸರು ಹುಡುಕಿಟ್ಟಿರುತ್ತೇನೆ. ಹುಡುಗರಿಗೆ, ಯಮುನಾಗೆ ಇನ್ನೂ ಏನೂ ಹೇಳಿಲ್ಲ, ನೀನು ಬಂದ ಮೇಲೆ ನಾನೇ ತಪ್ಪೊಪ್ಪಿಕೊಳ್ಳುತ್ತೇನೆ. ಹೊಟ್ಟೆ ತುಂಬ ಉಣ್ಣು, ಯಾರಾದರೂ ಕರೆದರೆ ಜೋರಾಗಿ ಓಗೊಡು, ಮೈ ಬೆಚ್ಚಗಿಟ್ಟುಕೊ.

ನಿನ್ನ ದಾರಿ ನೋಡುತ್ತಿರುವ ಅಜ್ಜಿ,
ಅಣ್ಣಮ್ಮ

ವಿ.ಸೂ.: ಕವರು ಅಂಟಿಸುವಷ್ಟರಲ್ಲಿ ನೀನು ಬಂದೆ. ಬಾಗಿಲಲ್ಲಿ ಅಜ್ಜಿ ಎಂದೆ, ನಿನ್ನದೇ ದನಿ, ನಿನ್ನದೇ ಮುಖ. ತಬ್ಬಿಕೊಂಡು ಅತ್ತೆ, ಸೆರಗೆಲ್ಲ ಒದ್ದೆಯಾಯಿತು. ತಟ್ಟೆ ಇಟ್ಟರೆ ಬೇಡ, ಬಾಳೆಲೆ ಕೊಡು ಎಂದೆ. ಬಡಿಸಿದ ಮೇಲೆ, "ನೀನ್ ಬಾಗ್ಲಾಕ್ಕೊಂಡು ಆಚೆ ಕುಂತ್ಕೊ ಅಜ್ಜಿ" ಎಂದೆ. ಈಗ ಜಗಲಿಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅಂಚೆಯ ಚೆನ್ನಯ್ಯ ಬೀದಿ ತುದಿಯಲ್ಲಿ ಬರುತ್ತಿದ್ದಾನೆ, ಅವನ ಕೈಯಲ್ಲೇ ಕೊಟ್ಟುಬಿಡುತ್ತೇನೆ. ಇದು ಕಾರವಾರದಲ್ಲಿ ನಿನ್ನ ಕೈ ಸೇರಿ ನೀನು ಓದುತ್ತಿದ್ದರೆ, ಮಗಾ, ಮೇಲೆ ಬರೆದದ್ದನ್ನು ಮರೆತುಬಿಡು. ಬರಬೇಡ. ಹೊಸ ಹೆಸರು ನೀನೇ ಇಟ್ಟುಕೊ, ನನಗೂ ಹೇಳಬೇಡ, ಮತ್ತೆ ಕಾಗದ ಬರೆಯಬೇಡ. ಇವನನ್ನು ಕರೆದವಳು ನಾನು. ಬಡಿಸುತ್ತಾ ಇರುವಷ್ಟು ದಿನ ಇವನು ನಿನ್ನ ತಂಟೆಗೆ ಬರದ ಹಾಗೆ ನಾನು ನೋಡಿಕೊಳ್ಳುತ್ತೇನೆ.