ಕೆಂಪು ಬಣ್ಣದ ಕೆಳಗೆ

ಹಾರೋಹಳ್ಳಿ
೨೦೦೮ರ ಶ್ರಾವಣ

ಅನಂತಣ್ಣನಿಗೆ,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ, ಹೊಡೆದುಹಾಕಿದೆ. ದೊಡ್ಡಮ್ಮನ ಮಗ ಅನ್ನುವುದನ್ನು ಹೊಡೆದುಹಾಕಲು ಬರುವುದಿಲ್ಲವಲ್ಲ, ಅದಕ್ಕೇ ಅಣ್ಣ ಎಂದು ಉಳಿಸಿದ್ದೇನೆ.

ಮಾಗಡಿಯಲ್ಲಿ ನಿನ್ನ ಗೆಳೆಯನ ಮದುವೆಗೆಂದು ನನ್ನ ಗಿಟಾರ್ ಒಯ್ದದ್ದು ನೆನಪಿದೆಯಾ? ಹಿಂದಕ್ಕೆ ಕೊಡುವಾಗ ಅದರ ಕತ್ತಿಗೆ ಚನ್ನಪಟ್ಟಣದ ಗೊಂಬೆಯಂತೆ ಮಿರಿಮಿರಿ ಕೆಂಪು ಬಣ್ಣ. "ನಿಂಗೇಂತ್ಲೇ ಹೊಡುಸ್ದೆ ಕಣಮ್ಮಿ" ಅಂದೆ. ಫ್ಯಾಕ್ಟರಿಯ ಗೆಳತಿಯರಿಗೆಲ್ಲ ತೋರಿಸಿಕೊಂಡು ಮೆರೆದೆನಲ್ಲ ನಾನು, ದಡ್ಡಿ!

ಆಮೇಲೆ ಅದು ಶ್ರುತಿಯಲ್ಲಿ ನಿಲ್ಲಲೇ ಇಲ್ಲ. ಕನಕಪುರದ ಆರ್ಕೆಸ್ಟ್ರಾದವರು ತಮ್ಮಲ್ಲಿ ಖಾಲಿಯಿದ್ದ ಒಂದೇ ಗಿಟಾರ್ ಜಾಗಕ್ಕೆ ನಮ್ಮಿಬ್ಬರನ್ನೂ ಕರೆದು ನುಡಿಸಲು ಹೇಳಿದ ದಿನ, ನನ್ನ ಹಾಡು ಅರ್ಧವಾಗುವಷ್ಟರಲ್ಲಿ ತಂತಿಗಳು ಇಳಿದವು. ಎಲ್ಲರ ಮುಂದೆ ನೀನೇ ಹೇಳಿದೆ: "ಗಿಟಾರ್ ಚೆನ್ನಾಗೈತೆ. ನಮ್ ರಾಧಂಗೆ ಕಿವೀನೇ ಇಲ್ಲ, ಬುಟ್ಬುಡಿ." ಆ ಜಾಗ ನಿನಗಾಯಿತು. ನಾನು ಗಿಟಾರನ್ನು ಗೋಡೆಗೆ ನೇತುಹಾಕಿದೆ. ನನ್ನ ಕಿವಿಯನ್ನು ನಾನೇ ನಂಬದೆ, ಅಡುಗೆ ಮಾಡುವಾಗ ಗುನುಗುವುದನ್ನೂ ಬಿಟ್ಟೆ.

ಹೋದ ತಿಂಗಳು ಕೆಳಗಿಳಿಸಿದೆ. ಬಣ್ಣ ಕೈಗೆ ಅಂಟುತ್ತಿತ್ತು. ಉಪ್ಪುಕಾಗದದಿಂದ ಉಜ್ಜಿ ತೆಗೆದು, ಮರಕ್ಕೆ ಒಸಿ ಎಣ್ಣೆ ಕುಡಿಸೋಣವೆಂದು ಕೂತೆ. ಕೆಂಪು ಉದುರುತ್ತಾ ಹೋದಂತೆ ಕೆಳಗೆ ಉದ್ದಕ್ಕೆ ಬಿರುಕು! ಒಳಗೆ ಅಂಟು, ಮರದ ಹೊಟ್ಟು. ಅಯ್ಯೋ ಅಣ್ಣ, ಮುರಿದೆ ಅಂದಿದ್ದರೆ ನಾನೇನು ನಿನ್ನನ್ನು ತಿಂದುಬಿಡುತ್ತಿದ್ದೆನಾ?

ಬಡಗಿ ಮುನಿರಾಮಯ್ಯ ಹಳೆಯ ಅಂಟು ಕೆರೆದು, ಹೊಸದು ಹಾಕಿ ಬಿಗಿದು ಕೊಟ್ಟರು. "ಇಂಗೆ ಮುಚ್ಚಿ ಕೊಟ್ಟೋನು ಯಾವನವ್ವ?" ಅಂದರು. ನಿನ್ನ ಹೆಸರು ಹೇಳಲು ನನಗೇ ನಾಚಿಕೆಯಾಯಿತು.

ಅಗಸೆ ಎಣ್ಣೆಯಲ್ಲಿ ಬಟ್ಟೆ ಅದ್ದಿ ತೆಳ್ಳಗೆ ಸವರಿದೆ, ಹೆಚ್ಚಾದದ್ದನ್ನು ಒರೆಸಿದೆ, ಒಣಗಿದ ಮೇಲೆ ಮತ್ತೆ ಸವರಿದೆ. ಮರ ಬೆಲ್ಲದ ಬಣ್ಣಕ್ಕೆ ತಿರುಗಿತು. ಬಿರುಕಿನ ಗೆರೆ ಎದ್ದು ಕಾಣುತ್ತದೆ. ಕಾಣಲಿ. ನಿನ್ನೆ ತಂತಿ ಕಟ್ಟಿ ಅದೇ ಹಾಡನ್ನು ಕೊನೆಯವರೆಗೂ ನುಡಿಸಿದೆ. ಒಂದು ತಂತಿಯೂ ಇಳಿಯಲಿಲ್ಲ. ಕೋಪಕ್ಕೆ ಅಳು ಬಂತು.

ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ಬರುತ್ತೀಯ, ಗೊತ್ತು. ಬಾ. ಊಟ ಬಡಿಸುತ್ತೇನೆ, ಆಮೇಲೆ ನುಡಿಸುತ್ತೇನೆ. ಪೂರ್ತಿ ಕೂತು ಕೇಳು. ಕೇಳಿ, ಅವತ್ತು ಎಲ್ಲರ ಮುಂದೆ ಹೇಳಿದ ಮಾತನ್ನು ನನ್ನ ಮುಖ ನೋಡಿಕೊಂಡು ಇನ್ನೊಮ್ಮೆ ಹೇಳು.

ಅತ್ತಿಗೆ, ಮಕ್ಕಳು ತಣ್ಣಗಿರಲಿ. ನೀನೂ.

ಇನ್ನೂ ನಿನ್ನ ತಂಗಿಯೇ ಆಗಿರುವ,
ರಾಧಾಮಣಿ