ಹಂಡೆಯ ಮೇಲಿನ ಹೆಸರು

ಬೀದರ
೧೧ ಫೆಬ್ರವರಿ ೧೯೪೯

ಪ್ರೀತಿಯ ಅವ್ವನಿಗೆ ನಿನ್ನ ಹಾವಗೆಪ್ಪನ ಶರಣು.

ನಿನ್ನ ಮೊಣಕಾಲು ಈಗ ಹೇಗಿದೆ? ಎಣ್ಣೆ ಹಚ್ಚುತ್ತೀಯೋ, ಇಲ್ಲ ಬಾರ್ಶಿಯ ಎಣ್ಣೆ ನಮ್ಮ ಕಡೆಯ ಎಣ್ಣೆಯಂತಲ್ಲ ಎಂದು ಮೂಗು ಮುರಿದು ಬಿಟ್ಟಿದ್ದೀಯೋ? ಅಕ್ಕನ ಮಕ್ಕಳು ನಿನ್ನನ್ನು ಒಂದು ಗಳಿಗೆ ಕೂರಲು ಬಿಡುವುದಿಲ್ಲವೆಂದು ಭಾವ ಬರೆದಿದ್ದರು. ಕಸ್ತೂರಿ ಅಕ್ಕಾ, ಇದನ್ನು ಅವ್ವನಿಗೆ ಓದಿ ಹೇಳುವಾಗ ನಿನ್ನ ಉಪ್ಪುಖಾರ ಬೆರೆಸಬೇಡ, ಇದ್ದದ್ದು ಇದ್ದಂತೆ ಓದು. ನಾನು ಚೆನ್ನಾಗಿದ್ದೇನೆ. ಖಾನಾವಳಿಯ ರೊಟ್ಟಿ ದಪ್ಪ, ಪಲ್ಯ ನೀರು, ಆದರೂ ಹೊಟ್ಟೆ ತುಂಬುತ್ತದೆ.

ನನಗೆ ಯಾವ ಕೆಲಸ ಕೊಟ್ಟಿದ್ದಾರೆಂದು ನೀನು ಬರೆಸಿ ಕೇಳಿದ್ದೆ. ರಜಾಕಾರರ ಕಾಲದಲ್ಲಿ ಲೂಟಿ ಮಾಡಿದವರ ಆಸ್ತಿ ಈಗ ಎಲ್ಲಿ, ಯಾರ ಹೆಸರಿನಲ್ಲಿ ಅಡಗಿದೆ ಎಂದು ಹುಡುಕಿ ತೆಗೆಯುವ ಕೆಲಸ. ಆಸ್ತಿಯನ್ನು ಸರ್ಕಾರ ಜಪ್ತಿ ಮಾಡುತ್ತದೆ, ಲೂಟಿಯ ಮಾಲು ಗುರುತು ಹತ್ತಿದರೆ ಒಡೆಯರಿಗೆ ತಿರುಗಿ ಕೊಡುತ್ತದೆ. ನಮ್ಮ ಸಾಹೇಬರು ಪೊಲೀಸ್ ಆಕ್ಷನ್ ಆದ ಮೇಲೆ ಮದ್ರಾಸ್ ಕಡೆಯಿಂದ ಬಂದವರು. ಇಲ್ಲಿಯ ಕಾಗದಪತ್ರಗಳೆಲ್ಲ ಉರ್ದು, ಅವರಿಗೆ ಉರ್ದು ಬಾರದು, ಹಾಗಾಗಿ ನಾನು ಬೇಕಾದೆ. ಉರ್ದು ಸಾಲಿಗೆ ಹೋಗಲಾರೆನೆಂದು ನಾನು ಅತ್ತಾಗ ನೀನು ಬೆನ್ನಿಗೆ ಕೊಟ್ಟ ಗುದ್ದು ಈಗ ಅನ್ನ ಹಾಕುತ್ತಿದೆ.

ಆಫೀಸಿನ ಹಿಂದಿನ ಪಡಸಾಲೆಯಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆಗಳು ರಾಶಿ ಬಿದ್ದಿವೆ. ಯಾವುದು ಯಾರದೆಂದು ಸಾಹೇಬರು ತಲೆ ಕೆರೆದುಕೊಳ್ಳುತ್ತಿದ್ದಾಗ ನಾನೇ ಜಾಣತನ ತೋರಿಸಿದೆ. ನಮ್ಮ ಕಡೆ ಪಾತ್ರೆಗೆ ಹೆಸರು ಕೊರೆಸುತ್ತಾರೆ ಸಾಹೇಬರೇ, ಯಾರ ಹೆಸರೋ ಅವರ ಮಾಲು ಎಂದೆ. ಅವರು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಹೋದ ವಾರ ಔರಾದಿಗೆ ಹೋಗಿದ್ದೆವು. ಖಾಸಿಂ ಅಲಿಯ ಹೆಸರು ಕೇಳಿದರೆ ನಿನಗೆ ಸಂಕಟವಾಗುತ್ತದೆ, ಆದರೂ ಹೇಳಲೇಬೇಕು. ನಮ್ಮ ಮನೆ ಲೂಟಿ ಮಾಡಿ ಬೆಂಕಿ ಇಟ್ಟ ಗುಂಪಿನ ಮುಂದಾಳು ಅವನೇ. ಈಗ ಜೈಲಿನಲ್ಲಿದ್ದಾನೆ. ಅವನ ಹೊಲ, ಬಂಡಿ, ಎತ್ತು ಎಲ್ಲ ಜಪ್ತಿಯಾಗಿವೆ. ಉಳಿದಿರುವುದು ಅವನ ಹೆಂಡತಿ ಇಮಾಮಬೀ ಮಗಳೊಂದಿಗೆ ಇರುವ ಮನೆ. ಅದನ್ನು ನಿಕಾಹದ ದಿನವೇ ಮೆಹರ್ ಎಂದು ಅವಳ ಹೆಸರಿಗೆ ಬರೆದಿದ್ದರು, ಆದ್ದರಿಂದ ಸುಮ್ಮನೆ ಮುಟ್ಟುವಂತಿಲ್ಲ. ಆದರೆ ಲೂಟಿಯ ಮಾಲು ಒಂದೇ ಒಂದು ಅಲ್ಲಿ ಸಿಕ್ಕರೂ ಮನೆ ಹೋಯಿತೆಂದೇ ಸಾಹೇಬರ ಕಟ್ಟಪ್ಪಣೆ. ಎಲ್ಲ ತಡಕಿದೆವು, ಏನೂ ಇರಲಿಲ್ಲ. ಕೊನೆಗೆ ಬಚ್ಚಲ ಒಲೆಯ ಮೇಲಿದ್ದ ತಾಮ್ರದ ಹಂಡೆಯ ಮಸಿ ತಿಕ್ಕಿಸಿ ನೋಡಿದರೆ ಕೊರಳ ಕೆಳಗೆ ‘ಗುಂಡಮ್ಮ ಗಂಡ ಶಿವರಾಜಪ್ಪ, ಭಾಲ್ಕಿ’ ಎಂದಿತ್ತು.

ಅವ್ವಾ, ನಿನ್ನ ಹೆಸರು, ಅಪ್ಪನ ಹೆಸರು. ನೀನು ನನ್ನನ್ನು ಹಿಡಿದು ಕೂರಿಸಿ ತಲೆಗೆ ಎರೆಯುತ್ತಿದ್ದ ಹಂಡೆ ಇದೇ ಎಂದುಕೊಂಡೆ. ಬಾಯಿಗೆ ಬಂದಂತೆ ಕೂಗಾಡಿದೆ. ಇಮಾಮಬೀ ಹೆದರಲಿಲ್ಲ. ‘ಹೌದಪಾ, ಗುಂಡಕ್ಕನ ಹೆಸರೇ ಅದ. ನನ್ನ ಶಾದ್ಯಾಗ ಅಕೀನೇ ಆಹೇರ ಮಾಡ್ಯಾಳ. ನಾ ನಿಮ್ಮ ಓಣ್ಯಾಗ ಹುಟ್ಟಿದಾಕಿ, ನೀ ಆವಾಗ ಸಣ್ಣಾಂವ ಇದ್ದಿ’ ಎಂದಳು. ನಮ್ಮ ಅವ್ವ ನಿನ್ನ ಮದುವೆಗೆ ಉಡುಗೊರೆ ಕೊಟ್ಟಳೇ, ಸುಳ್ಳಿ ಎಂದು ಬೈದು ಹಂಡೆಯನ್ನು ಜೀಪಿಗೆ ಹಾಕಿಸಿದೆ. ಮನೆ ಬಿಡಬೇಕಾದೀತೆಂದು ಹೇಳಿದ ಮೇಲೂ ಅವಳು ಕೇಳಿದ್ದು ಒಂದೇ ಮಾತು: ‘ಗುಂಡಕ್ಕ ಆರಾಮ ಅದಾಳೇನಪಾ?’ ನಾನು ಜೀಪು ಹತ್ತಿದೆ.

ಮರುದಿನ ಭಾಲ್ಕಿಯ ಪುತಳಾಬಾಯಿ ಆಫೀಸಿಗೆ ಬಂದಳು. ಅವಳ ಮನೆಯಿಂದ ಲೂಟಿಯಾಗಿದ್ದ ಕೊಡದ ಮೇಲೆ ಅವಳ ಬೀಗ ದತ್ತಾತ್ರಿಯ ಹೆಸರಿತ್ತೆಂದು ನಾನು ಅದನ್ನು ಅವನಿಗೆ ಕೊಟ್ಟು ಕಳಿಸಿದ್ದೆ. ಅವನೂ ತುಟಿ ಪಿಟಕ್ಕೆನ್ನದೆ ಹೊತ್ತುಕೊಂಡು ಹೋಗಿದ್ದ. ‘ಮಗಳ ಲಗ್ನದಾಗ ಕೊಟ್ಟ ಆಹೇರ ತಿರುಗಿ ಒಯ್ದಾನರಿ! ಕೊಟ್ಟವರ ಹೆಸರು ಹಾಕಸ್ತಾರ ಅಂಬೋದು ನಿಮಗ ಗೊತ್ತಿಲ್ಲೇನ್ರಿ? ನೀವು ನಮ್ಮ ಊರವರೇ ಹೌದೋ ಅಲ್ಲೋ?’ ಎಂದು ಕೇಳಿದಳು. ಗುಮಾಸ್ತರೆಲ್ಲ ನಕ್ಕರು. ಸಣ್ಣವನಿದ್ದಾಗಿನಿಂದ ಕಂಡದ್ದೇ, ಸ್ವಂತಕ್ಕೆ ಕೊಂಡದ್ದರ ಮೇಲೂ ಹೆಸರು, ಆಹೇರಕ್ಕೆ ಕೊಟ್ಟದ್ದರ ಮೇಲೂ ಹೆಸರು. ಅದು ನನಗೆ ಯಾಕೆ ಹೊಳೆಯಲಿಲ್ಲವೋ! ಸಾಹೇಬರಿಗೆ ಹೇಳಿದರೆ, ಹಾಗಾದರೆ ಯಾವುದು ಯಾವುದೆಂದು ನೀನೇ ಹೇಳು ಎಂದು ಗದರಿದರು.

ಅಂದಿನಿಂದ ಆ ಹಂಡೆಯ ಮುಂದೆ ಹೋಗಿ ನಿಲ್ಲುತ್ತೇನೆ. ಒಮ್ಮೆ ನಮ್ಮದೇ ಎನಿಸುತ್ತದೆ, ಒಮ್ಮೆ ನಮ್ಮದು ಇದಕ್ಕಿಂತ ದೊಡ್ಡದಿತ್ತು ಎನಿಸುತ್ತದೆ. ನೀನು ಕೊಟ್ಟದ್ದು ನಿಜವಾದರೆ, ಆ ಹಂಡೆಯ ಬಿಸಿನೀರಲ್ಲಿ ವರ್ಷಗಟ್ಟಲೆ ಮೈ ತೊಳೆದವನೇ ಬಂದು ನಿನ್ನ ಮನೆಗೆ ಬೆಂಕಿ ಇಟ್ಟನೇ? ಅದನ್ನು ನೆನೆದರೆ ಇಮಾಮಬೀ ಹೇಳಿದ್ದು ಸುಳ್ಳಾಗಲಿ ಎನಿಸುತ್ತದೆ. ಅವಳ ಮಗಳು ಬಾಗಿಲ ಹಿಂದೆ ನಿಂತು ನೋಡಿದ್ದು ನೆನೆದರೆ ನಿಜವಾಗಲಿ ಎನಿಸುತ್ತದೆ. ನನಗೆ ಒಂದೂ ಬಗೆಹರಿಯುತ್ತಿಲ್ಲ.

ಭಾವನಿಗೆ ಶರಣು ಹೇಳು, ಮಕ್ಕಳಿಗೆ ನನ್ನ ಮುದ್ದು. ಬಸವಣ್ಣ ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ ಮಗ
ಹಾವಗೆಪ್ಪ

ತಾ.ಕ.: ಟಪಾಲಿನವನು ಹೊರಟು ನಿಂತಿದ್ದಾನೆ. ಅವ್ವಾ, ಉತ್ತರ ಬರೆಸಿ ಕಳಿಸಿದರೆ ನಡೆಯುವುದಿಲ್ಲವಂತೆ, ಹೆಸರಿನವಳೇ ಬಂದು ಹಂಡೆ ನೋಡಿ ಸಾಹೇಬರ ಮುಂದೆ ಹೇಳಬೇಕಂತೆ. ಅಪ್ಪ ನಿರಾಶ್ರಿತರ ಕ್ಯಾಂಪಿನಲ್ಲಿ ಕಣ್ಣು ಮುಚ್ಚಿದ ದಿನ, ಇನ್ನು ಆ ಸೀಮೆಯ ನೀರು ಕುಡಿಯುವುದಿಲ್ಲ ಎಂದು ನೀನು ಆಣೆ ಇಟ್ಟದ್ದು ನನಗೆ ಗೊತ್ತು. ಆದರೂ ಬಾ. ನನ್ನದು ಎಂದರೆ ಹಂಡೆ ನಿನಗೆ ಬರುತ್ತದೆ. ಕೊಟ್ಟೆ ಎಂದರೆ ಇಮಾಮಬೀಗೆ ಮನೆ ಉಳಿಯುತ್ತದೆ. ಏನು ಹೇಳಬೇಕೆಂದು ನಾನು ಹೇಳಲಾರೆ. ನೀನು ಬರುವತನಕ ಅವಳ ಬಾಗಿಲಿಗೆ ಮೊಹರು ಹಾಕಬೇಡಿ ಎಂದು ಸಾಹೇಬರ ಕಾಲು ಹಿಡಿದಿದ್ದೇನೆ. ಖಾಸಿಂ ಅಲಿಯ ಮನೆಗಾಗಿ, ನಾನು. ಯಾಕೆ ಹಿಡಿದೆನೋ ನನಗೇ ತಿಳಿಯುತ್ತಿಲ್ಲ, ಅವ್ವಾ.