ಭಾನುವಾರ ಶಾಲು ಹೊದೆಯಬೇಡಿ

ಮಾಲೂರು
ಬುಧವಾರ, ೧೨ ಫೆಬ್ರವರಿ ೨೦೨೫

ತಾಯಲೂರು ವಾಲಿಬಾಲ್ ಟೀಮಿನ ಲಿಫ್ಟರ್ ಕದಿರೇಶ್ ಅವರಿಗೆ,

ನಿಮ್ಮ ಹೆಂಡತಿ ವಾಣಿಶ್ರೀಯ ನಮಸ್ಕಾರ. ಇನ್ನೂ ಹೆಂಡತಿಯೇ, ಗಾಬರಿಯಾಗಬೇಡಿ. ನಿಮ್ಮ ಜೊತೆ ಮಾತಾಡುವುದಿಲ್ಲ ಎಂದು ಹೇಳಿ ತವರಿಗೆ ಬಂದವಳು ನಾನು. ಬರೆಯುವುದಿಲ್ಲ ಎಂದು ಹೇಳಿರಲಿಲ್ಲ. ಫೋನ್ ಮಾಡಿದರೆ ನೀವು ಆ ಕಡೆಯಿಂದ ಹ್ಞೂಂ ಹ್ಞೂಂ ಎನ್ನುತ್ತೀರಿ, ನನಗೆ ಸಿಟ್ಟು ಬಂದು ಇಟ್ಟುಬಿಡುತ್ತೇನೆ, ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯುತ್ತದೆ. ನಿಮ್ಮೂರಿನ ವೆಂಕಟರಮಣಪ್ಪನವರು ಇಲ್ಲಿ ಮಗಳ ಮನೆಗೆ ಬಂದಿದ್ದಾರೆ, ನಾಳೆ ವಾಪಸು ಹೊರಡುತ್ತಾರೆ. ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಅವರ ಎದುರಿಗೇ ಓದಿ, ಇಲ್ಲದಿದ್ದರೆ ನೀವು ಓದುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಭಾನುವಾರ ಮುಳಬಾಗಿಲಿನಲ್ಲಿ ಫೈನಲ್ ಶುರುವಾಗುವ ಮೊದಲು ನಿಮ್ಮ ಅಭಿಮಾನಿ ಬಳಗದವರು ನಿಮಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಏನೂ ಬಾಕಿ ಇಲ್ಲ. ನಿಮಗೆ ಒಂದು ಸಣ್ಣ ಗೌರವ ಎಂದು ಹೇಳಿರುತ್ತಾರೆ. ನಮ್ಮ ಕಡೆ ಶಾಲನ್ನು ಯಾವಾಗ ಹೊದಿಸುತ್ತಾರೆಂದು ನಿಮಗೆ ಗೊತ್ತಿಲ್ಲವೇ? ಮೇಷ್ಟ್ರು ನಿವೃತ್ತರಾದ ದಿನ. ಪೋಸ್ಟ್‌ಮ್ಯಾನ್ ಕೊನೆಯ ಸಲ ಚೀಲ ಇಳಿಸಿದ ದಿನ. ಶಾಲು ಹೊದಿಸಿಕೊಂಡವನು ವೇದಿಕೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂರಬೇಕು. ಎದ್ದು ಚಡ್ಡಿ ಹಾಕಿಕೊಂಡು ಕೋರ್ಟಿಗೆ ಇಳಿದರೆ ಜನ ನಗುತ್ತಾರೆ. ಅದು ಅವರಿಗೆ ಚೆನ್ನಾಗಿ ಗೊತ್ತು. ನಿಮ್ಮನ್ನು ಕುರ್ಚಿಯಲ್ಲಿ ಕೂರಿಸಿ, ನಿಮ್ಮ ಜಾಗಕ್ಕೆ ಆ ಹೊಸ ಹುಡುಗ ಚೈತನ್ಯನನ್ನು ಇಳಿಸುವುದಕ್ಕೇ ಈ ಏರ್ಪಾಡು. ಮುಖ ನೋಡಿ 'ಸಾಕು' ಎನ್ನಲು ಧೈರ್ಯವಿಲ್ಲದವರು ಶಾಲು ಹೊದಿಸುತ್ತಾರೆ.

ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀರಿ. ಬೆಳಿಗ್ಗೆ ಟ್ರೈನಿನಲ್ಲಿ ನನ್ನ ಪಕ್ಕ ಚಂದನ ಎಂಬ ಹುಡುಗಿ ಕೂರುತ್ತಾಳೆ. ಮುಳಬಾಗಿಲಿನವಳು, ಇಲ್ಲಿ ಮಾಲೂರಿನಲ್ಲಿ ರೂಮು ಮಾಡಿಕೊಂಡು ನನ್ನ ಹಾಗೆಯೇ ವೈಟ್‌ಫೀಲ್ಡಿಗೆ ಕೆಲಸಕ್ಕೆ ಹೋಗುವವಳು. ನಿಮ್ಮ ಬಳಗದ ಅಧ್ಯಕ್ಷ ನಂದೀಶ್ ಇವಳ ಅಣ್ಣ. ನಾನು ನಿಮ್ಮ ಹೆಂಡತಿ ಎಂದು ಅವಳಿಗೆ ಗೊತ್ತಿಲ್ಲ. ನಿಮ್ಮ ಯಜಮಾನ್ರು ಏನು ಮಾಡ್ತಾರೆ ಅಕ್ಕ ಎಂದು ಕೇಳಿದ್ದಳು. ಎತ್ತಿ ಕೊಡುವ ಕೆಲಸ ಎಂದಿದ್ದೆ. ಕ್ರೇನ್ ಓಡಿಸುತ್ತೀರಿ ಎಂದುಕೊಂಡಿದ್ದಾಳೆ, ಪಾಪ.

ಆ ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂದು ತಿಂಗಳಿಂದ ನಿಮ್ಮದೇ ಪಂಚಾಯಿತಿ. ಚಂದನ ಗಟ್ಟಿಯಾಗಿ ಓದಿ ಹೇಳುತ್ತಾಳೆ, ನಾನು ಕಿಟಕಿಯ ಆಚೆ ನೋಡುತ್ತಾ ಕೇಳುತ್ತೇನೆ. ಒಬ್ಬ, ಕದಿರೇಶಣ್ಣನ ಕೈ ಬಿದ್ದೋಗಿದೆ, ಬಾಲು ಒಂದು ಗೇಣು ಕಮ್ಮಿ ಏಳ್ತದೆ ಅಂತ. ಇನ್ನೊಬ್ಬ ತೆಲುಗಿನಲ್ಲೇ, ಆಯನ ಪನಿ ಅಯಿಪೋಯಿಂದಿ, ಅವರ ಕಥೆ ಮುಗೀತು ಅಂತ ಬರೆದು ಅಳುವ ಮುಖದ ಮೂರು ಬೊಂಬೆ ಹಾಕಿದ್ದಾನೆ. ಮುಗಿಸಿದವನೂ ಅವನೇ, ಅಳುವವನೂ ಅವನೇ. ಮಗದೊಬ್ಬ, ಮರ್ಯಾದೆ ಇರೋವಾಗ್ಲೇ ಬಿಟ್ಬಿಡ್ಬೇಕು ಕಣ್ರೋ ಅಂತ. ನಿಮ್ಮ ಪರವಾಗಿ ಬರೆದವನೂ ಒಬ್ಬನಿದ್ದಾನೆ: ಇನ್ನೊಂದು ವರ್ಷ ಆಡ್ಲಿ ಬಿಡ್ರೋ, ನಮ್ಮಪ್ಪನ ಕಾಲದಿಂದ ನೋಡ್ತಿದೀವಿ, ಅಯ್ಯೋ ಅನ್ಸುತ್ತೆ ಅಂತ. ನಿಮಗಿನ್ನೂ ನಲವತ್ತೆರಡು. ಅವನು ನಿಮ್ಮ ಪರ ವಹಿಸಿದ್ದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿತು.

ಬಾಗಿಲ ಹತ್ತಿರ ನಿಂತ ಗಂಡಸರೂ ಸೇರಿಕೊಳ್ಳುತ್ತಾರೆ. ಊಟದ ಡಬ್ಬಿ ಹಿಡಿದವನೊಬ್ಬ ನಿನ್ನೆ, ಲಿಫ್ಟರ್ ಅಂದ್ರೆ ಬೆರಳಲ್ಲಿ ಸ್ಪ್ರಿಂಗ್ ಇರ್ಬೇಕಮ್ಮ, ಆತನಿಗೆ ತುಕ್ಕು ಹಿಡಿದದೆ ಎಂದ. ನೀವು ಯಾವ ಟೀಮಿಗೆ ಆಡ್ತಿದ್ರಿ ಸಾರ್ ಎಂದು ಕೇಳಿದೆ. ನೋಡ್ತಿದ್ದೆ ಎಂದ. ನೋಡುವವರ ಬೆರಳಿಗೆ ತುಕ್ಕು ಹಿಡಿಯುವುದಿಲ್ಲ, ನಾಲಗೆಗೂ ಹಿಡಿಯುವುದಿಲ್ಲ ಎಂದುಬಿಟ್ಟೆ. ಇಡೀ ಬೋಗಿ ತಿರುಗಿ ನೋಡಿತು. ಚಂದನ, ಯಾಕಕ್ಕ ನಿಮಗೆ ಇಷ್ಟು ಕೋಪ ಎಂದಳು. ತಲೆನೋವು ಎಂದೆ.

ಒಲ್ಲದ ಗಂಡನಿಗೆ ಮೊಸರಿನಲ್ಲಿ ಕಲ್ಲು ಎನ್ನುತ್ತಾರಲ್ಲ, ಹಾಗಾಗಿದೆ ಈ ಅಭಿಮಾನಿಗಳಿಗೆ. ನಿಮ್ಮನ್ನು ಬೈಯುವುದಾದರೆ ಅದಕ್ಕೆ ನಾನಿದ್ದೇನೆ. ನನ್ನಷ್ಟು ಕಾರಣ ಅವರಲ್ಲಿ ಯಾರಿಗಿದೆ? ಹಬ್ಬದ ದಿನ ಬೆಳಿಗ್ಗೆ ಪ್ರಾಕ್ಟೀಸು. ರೇಷ್ಮೆಹುಳ ಪೊರೆ ಬಿಡುವ ಜ್ವರದಿಂದ ಎದ್ದು ಸೊಪ್ಪು ಬೇಡುವಾಗ ಶ್ರೀನಿವಾಸಪುರದಲ್ಲಿ ಮ್ಯಾಚು, ಕೊಯ್ದು ಹಾಕಿದವಳು ನಾನು. ಕೊನೆಗೆ ನನ್ನ ತಂಗಿ ಮೇಘನಳ ಮದುವೆ. ಹಿರಿಯ ಅಳಿಯ ಮುಂದೆ ನಿಂತು ಗಂಡಿನ ಕಡೆಯವರನ್ನು ಎದುರುಗೊಳ್ಳಬೇಕು, ಅದು ನಮ್ಮ ಮನೆಯ ಪದ್ಧತಿ. ಓಲಗದವರು ಬಂದರು, ಗಂಡು ಬಂದ, ಆರತಿ ತಟ್ಟೆ ಬಂತು. ಹಿರಿಯ ಅಳಿಯ ಮಾತ್ರ ಹಿಂದಿನ ಬಾಗಿಲಿನಿಂದ ತಾನು ಎತ್ತಿಕೊಟ್ಟ ಬಾಲನ್ನು ಹೊಡೆಯುವ ಸ್ನೇಹಿತ ಕಾಂತರಾಜನ ಬೈಕ್ ಹತ್ತಿ ಫೈನಲ್ಲಿಗೆ ಹೋಗಿದ್ದ. ಬೀಗರು ಅಪ್ಪನ ಮುಖ ನೋಡಿದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ. ನೀವು ಸಂಜೆ ಕಪ್ ಹಿಡಿದುಕೊಂಡು ಬಂದಿರಿ. ಆ ಕಪ್ಪಿನಲ್ಲಿ ಪಾಯಸ ಹಾಕಿ ಕೊಡಲೇ ಎಂದು ಕೇಳಿದ್ದೆ. ಅದೇ ನಾನು ನಿಮ್ಮ ಎದುರು ನಿಂತು ಆಡಿದ ಕೊನೆಯ ಮಾತು. ಮೂರು ವರ್ಷವಾಯಿತು, ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಆದರೆ ನ್ಯಾಯ ಬೇರೆ, ಸಿಟ್ಟು ಬೇರೆ. ಜನವರಿಯಲ್ಲಿ ಅಮ್ಮನ ಕಣ್ಣು ತೋರಿಸಲು ಕೋಲಾರಕ್ಕೆ ಹೋಗಿದ್ದೆವು. ದಾರಿಯಲ್ಲಿ ನಿಮ್ಮ ಮ್ಯಾಚು ಸಿಕ್ಕಿತು. ಆಸ್ಪತ್ರೆಯ ದಾರಿ ಬೇರೆ, ಗ್ರೌಂಡಿನ ದಾರಿ ಬೇರೆ ಎನ್ನುತ್ತೀರಿ. ಎಂದುಕೊಳ್ಳಿ. ಹಿಂದೆ ನಿಂತು ನೋಡಿದೆ. ಎಲ್ಲರೂ ಬಾಲನ್ನು ನೋಡುತ್ತಾರೆ, ಅದನ್ನು ಹೊಡೆಯುವವನನ್ನು ನೋಡುತ್ತಾರೆ. ನಾನು ಮದುವೆಯಾದಾಗಿನಿಂದ ನಿಮ್ಮ ಕೈ ನೋಡಿಯೇ ಅಭ್ಯಾಸ. ಎಡಗಡೆಯ ಹುಡುಗನಿಗೆ ನೀವು ಎತ್ತಿಕೊಟ್ಟ ಬಾಲು ಮೊದಲಿನಷ್ಟೇ ಮೇಲಕ್ಕೆ ಏಳುತ್ತಿತ್ತು. ಬೆನ್ನ ಹಿಂದಕ್ಕೆ, ತಿರುಗಿಯೂ ನೋಡದೆ ಎತ್ತುವ ನಿಮ್ಮ ಆ ಲಿಫ್ಟಿಗೆ ಎದುರಿನವರು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಒಂದು ಗೇಣು ಕಮ್ಮಿಯಾಗುತ್ತಿದ್ದದ್ದು ಕಾಂತರಾಜನಿಗೆ ಕೊಟ್ಟಾಗ ಮಾತ್ರ. ಅವನು ನೆಲಕ್ಕೆ ಇಳಿದಾಗಲೆಲ್ಲ ಹಿಮ್ಮಡಿ ಊರದೆ ತುದಿಗಾಲಲ್ಲಿ ಎರಡು ಹೆಜ್ಜೆ ಹಾಕುತ್ತಿದ್ದ. ಅಷ್ಟು ಸಾಕಾಯಿತು ನನಗೆ.

ನಿಮ್ಮ ಕೈ ಬಿದ್ದಿಲ್ಲ. ಕಾಂತರಾಜನಿಗೆ ಮೊದಲಿನ ಹಾಗೆ ಎಗರಲು ಆಗುತ್ತಿಲ್ಲ. ಅವನ ಮಾನ ಉಳಿಯಲಿ ಎಂದು ನೀವೇ ಬಾಲನ್ನು ಇಳಿಸಿ ಕೊಡುತ್ತಿದ್ದೀರಿ. ಅವನು ಹೊಡೆದಾಗ ಶಿಳ್ಳೆ ಅವನಿಗೆ. ನೆಟ್ಟಿಗೆ ಹೊಡೆದರೆ ಬೈಗುಳ ನಿಮಗೆ. ಒಂದು ಮಾತು ಬಾಯಿ ಬಿಟ್ಟಿದ್ದರೆ ಭಾನುವಾರದ ಶಾಲು ಅವನ ಹೆಗಲಿಗೆ ಹೋಗುತ್ತಿತ್ತು. ನೀವು ಬಿಡಲಿಲ್ಲ. ಬಿಡಬೇಡಿ ಕೂಡ. ನಾನೂ ಟ್ರೈನಿನಲ್ಲಿ ಹೇಳಲಿಲ್ಲ.

ಹೊಟ್ಟೆಕಿಚ್ಚು ಎನ್ನಿ, ಒಂದು ಮಾತು ಹೇಳುತ್ತೇನೆ. ಸ್ನೇಹಿತನಿಗೆ ಯಾರೂ ಕೇಳದೆ ಒಂದು ಗೇಣು ಇಳಿಸಿದಿರಿ. ನನಗೆ ಮೂರು ವರ್ಷದಲ್ಲಿ ಅರ್ಧ ಗೇಣೂ ಇಳಿಸಲಿಲ್ಲ. ಒಂದು ಸಲ ಮಾಲೂರಿಗೆ ಬಂದು, ಮಾವ, ಆವತ್ತು ತಪ್ಪಾಯ್ತು ಎಂದು ನಮ್ಮಪ್ಪನ ಎದುರು ಹೇಳಿದ್ದರೆ ನಿಮ್ಮ ಬೆರಳು ಮುರಿಯುತ್ತಿತ್ತೇ?

ಈಗ ವೆಂಕಟರಮಣಪ್ಪನವರು ಹೇಳಿದ ವಿಷಯ. ಮೊನ್ನೆ ಕಾಫಿ ಕುಡಿಯುತ್ತಾ ನಿಧಾನಕ್ಕೆ ಬಾಯಿ ಬಿಟ್ಟರು. ಶಾಲಿನ ಒಳಗುಟ್ಟು ನಿಮಗೂ ಗೊತ್ತಂತೆ. ಹೊದಿಸಲಿ ಬಿಡಿ ಯಜಮಾನ್ರೆ, ಬಾಲು ಬಿಟ್ರೆ ಅವಳಾದ್ರೂ ಬರ್ತಾಳೇನೋ ಎಂದಿರಂತೆ. ಕೇಳಿ ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟೆ. ಆಮೇಲೆ ಬಂದದ್ದು ಸಿಟ್ಟೇ. ಇದನ್ನು ನನ್ನ ತಲೆಗೆ ಕಟ್ಟಬೇಡಿ. ಬಾಲು ಬಿಡಿ ಎಂದು ನಾನು ಯಾವತ್ತು ಕೇಳಿದ್ದೆ? ಮದುವೆಯ ದಿನ ಒಂದು ಗಳಿಗೆ ಚಪ್ಪರದಲ್ಲಿ ನಿಲ್ಲಿ ಎಂದು ಕೇಳಿದ್ದೆ. ನಾಲ್ಕು ಜನರ ಬಾಯಿಗೆ ಹೆದರಿ ಆಟ ಬಿಟ್ಟು ಬಂದು, ನಿನಗಾಗಿ ಬಿಟ್ಟೆ ಎನ್ನುವ ಗಂಡ ನನಗೆ ಬೇಡ. ಅಂಥವನು ದಿನಾ ಸಂಜೆ ಜಗಲಿಯಲ್ಲಿ ಕೂತು ಸುಮ್ಮನೆ ಗೋಡೆ ನೋಡುತ್ತಾನೆ. ಅವನನ್ನು ನೋಡಿಕೊಂಡು ನಾನು ಬಾಳಲಾರೆ. ವೆಂಕಟರಮಣಪ್ಪನವರೂ ಹೇಳಿದರು: ಶ್ರೀನಿವಾಸಪುರದ ಕಡೆ ಹಳೇ ಮಾವಿನ ಮರ ಫಸಲು ಕಮ್ಮಿ ಬಿಡ್ತು ಅಂತ ಯಾರೂ ಹಾರ ಹಾಕಿ ಕಡಿಯಲ್ಲಮ್ಮ ಅಂತ.

ಚೈತನ್ಯನ ಮೇಲೆ ನನಗೆ ಕೋಪವಿಲ್ಲ. ನಿಮ್ಮನ್ನು ನೋಡಿಯೇ ಕಲಿತವನು, ಕೈ ಮೆತ್ತಗಿದೆ, ಎತ್ತುವವನಿಗೆ ಅದೇ ಬೇಕು. ನಿಮ್ಮ ಜಾಗ ಅವನಿಗೆ ಬೇಕಾದರೆ ನಿಮಗಿಂತ ಚೆನ್ನಾಗಿ ಎತ್ತಿ ತೆಗೆದುಕೊಳ್ಳಲಿ. ಹಾರದಲ್ಲಿ ನಿಮ್ಮನ್ನು ಕಟ್ಟಿಹಾಕಿ ತೆಗೆದುಕೊಳ್ಳುವುದು ಅವನಿಗೂ ಅವಮಾನ.

ಆದ್ದರಿಂದ ಭಾನುವಾರ ಹೀಗೆ ಮಾಡಿ. ಮೈಕಿನಲ್ಲಿ ಹೆಸರು ಕರೆದರೆ ಆಟದ ಬಟ್ಟೆಯಲ್ಲೇ ವೇದಿಕೆ ಹತ್ತಿ. ಪೇಟಕ್ಕೆ ತಲೆ ಬಗ್ಗಿಸಬೇಡಿ. ಕುರ್ಚಿಯಲ್ಲಿ ಕೂರಬೇಡಿ. ಕೈಮುಗಿದು, ಮ್ಯಾಚು ಮುಗೀಲಿ ಎಂದು ಹೇಳಿ ಇಳಿದುಬಿಡಿ. ಆಮೇಲೆ ಸೋಲುವುದಾದರೆ ಸೋಲಿ, ಮಂಡಿ ಊರಿ ಬೀಳುವುದಾದರೆ ಬೀಳಿ. ಕೋರ್ಟಿನ ಒಳಗೆ ಬೀಳಿ. ನನಗೆ ಬರಲಾಗುವುದಿಲ್ಲ, ಭಾನುವಾರವೂ ಕೆಲಸ, ಓಟಿ ಹಾಕಿದ್ದಾರೆ. ಫಲಿತಾಂಶ ಚಂದನಳಿಂದ ತಿಳಿಯುತ್ತದೆ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಮಂಡಿಗೆ ಬಿಸಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀರಾ? ನೀವು ಹೇಳದಿದ್ದರೂ ಅವರು ಹೇಳುತ್ತಾರೆ.

ಸಿಟ್ಟು ಇನ್ನೂ ಇಳಿಯದ,
ವಾಣಿಶ್ರೀ

ಮರೆತಿದ್ದೆ: ಆ ಶಾಲನ್ನು ಆರಿಸಿದವಳು ನಾನೇ. ಚಂದನ, ಬಟ್ಟೆ ಆರಿಸೋದ್ರಲ್ಲಿ ನಿಮ್ಮ ಕಣ್ಣು ಚೆನ್ನಾಗಿದೆ ಬನ್ನಿ ಅಕ್ಕ ಎಂದು ಇಲ್ಲಿನ ಅಂಗಡಿಗೇ ಕರೆದುಕೊಂಡು ಹೋದಳು. ಚೆಂದವಾಗಿ ಪ್ಯಾಕ್ ಮಾಡಿಕೊಡುತ್ತೇನೆಂದು ಮನೆಗೆ ತಂದೆ. ಬಂಗಾರದ ಬಣ್ಣದ ಕಾಗದ ಸುತ್ತಿದ ಆ ಡಬ್ಬಿ ಇವತ್ತು ನಂದೀಶನ ಕೈ ಸೇರಿದೆ. ವೇದಿಕೆಯ ಮೇಲೆ ಅತಿಥಿಗಳು ಬಿಚ್ಚಿದಾಗ ಅದರಲ್ಲಿ ಶಾಲು ಇರುವುದಿಲ್ಲ. ಒಂದು ಜೊತೆ ಹೊಸ ನೀ-ಕ್ಯಾಪು, ಬೆರಳಿಗೆ ಸುತ್ತುವ ಟೇಪು ಇರುತ್ತದೆ. ಅಳತೆ ಸರಿಯಾಗಿದೆ, ನಿಮ್ಮ ಮಂಡಿ ನನಗೆ ಗೊತ್ತು. ಎಲ್ಲರ ಎದುರಿಗೆ ಹಾಕಿಕೊಂಡು ಇಳಿಯಿರಿ. ಓಟಿ ಎಂದದ್ದು ಸುಳ್ಳು. ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಅಪ್ಪನನ್ನೂ ಕರೆದುಕೊಂಡು ಬಂದು ಕೂತಿರುತ್ತೇನೆ, ಯಾರು ಏನೆಂದರೂ ಸರಿ. ಮ್ಯಾಚು ಮುಗಿದ ಮೇಲೆ ಅವರಿಗೆ ಹೇಳಬೇಕಾದ ಮಾತು ನಿಮಗೆ ಗೊತ್ತಿದೆ. ಶಾಲು ನನ್ನ ಟ್ರಂಕಿನಲ್ಲಿದೆ, ಕೆಂಪು ಅಂಚಿನದು, ಒಳ್ಳೆಯ ಶಾಲು. ಅದನ್ನು ಹೊದೆಯುವ ದಿನ ಯಾವುದೆಂದು ನೀವು ಹೇಳಿ. ಹೊದಿಸುವವಳು ನಾನು.